ಸೋಪು, ಎಸ್‌ಯುವಿ ಮತ್ತು ವೀರಬಲ್ಲಾಳ: ತೆರಿಗೆ ಸುಧಾರಣೆಯ ಮಹಡಿವಾರು ಅಧ್ಯಯನ

ಕನ್ನಡನಾಡಿನ ಶಾಸನಗಳಲ್ಲಿ ಮನೆದೆರೆ, ಗಾಣದೆರೆ, ಮದುವೆ ಸುಂಕಗಳ ಪ್ರಸ್ತಾಪ ಹೇರಳವಾಗಿದೆ. ಅವುಗಳ ಮೇಲೆ ಪಿಎಚ್‌ಡಿಗಳೂ ಹೇರಳವಾಗಿವೆ. ಆದರೆ 2025ರಲ್ಲಿ ನಮ್ಮ ಮೇಲೆ ಸುರಿದ ಎರಡು ಮಹಾ ರಿಯಾಯಿತಿಗಳು, ಅಂದರೆ ಫೆಬ್ರವರಿ 1ರ ಬಜೆಟ್ಟಿನ ಆದಾಯ ತೆರಿಗೆ ವಿನಾಯಿತಿ ಮತ್ತು ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಇಳಿಕೆ, ಒಂದೇ ಕಟ್ಟಡದ ಯಾವ ಮಹಡಿಗೆ ಎಷ್ಟು ಬಿದ್ದವು ಎಂಬುದನ್ನು ಯಾವ ವಿದ್ವಾಂಸರೂ ಮೆಟ್ಟಿಲು ಹತ್ತಿ ನೋಡಿದಂತಿಲ್ಲ. ಆ ಕೊರತೆಯನ್ನು ನೀಗಿಸುವ ವಿನಮ್ರ (ಹೀಗೆ ಬರೆಯುವುದು ರೂಢಿ) ಪ್ರಯತ್ನವಿದು.

ಅಧ್ಯಯನಕ್ಕೆ ಬೆಂಗಳೂರಿನ ಒಂದು 30/40 ಸೈಟಿನ ಕಟ್ಟಡವನ್ನು ಆರಿಸಿಕೊಳ್ಳಲಾಗಿದೆ. ಮಾದರಿಯ ಗಾತ್ರ ಚಿಕ್ಕದಾಯಿತಲ್ಲ ಎಂದು ಆಕ್ಷೇಪಿಸುವವರು ಬೆಂಗಳೂರಿನಲ್ಲಿ ಬಾಡಿಗೆಗಿದ್ದವರಲ್ಲ. ಭಾರತದ ಅಷ್ಟೂ ಆದಾಯ ವರ್ಗಗಳು ಇಲ್ಲಿ ಒಂದೇ ಸಂಪಿನ ನೀರು ಬಳಸುತ್ತವೆ. ಮೇಲ್ಮಹಡಿಯಲ್ಲಿ ಓನರ್, ಎರಡನೆಯದರಲ್ಲಿ ಸಾಫ್ಟ್‌ವೇರ್ ದಂಪತಿ, ಒಂದನೆಯದರಲ್ಲಿ ಖಾಸಗಿ ಕಾಲೇಜಿನ ಮೇಷ್ಟ್ರು, ಕೆಳಗೆ ಕಾಂಡಿಮೆಂಟ್ಸ್ ಅಂಗಡಿ, ಸಂಪಿನ ಪಕ್ಕದ ಶೀಟಿನ ರೂಮಿನಲ್ಲಿ ವಾಚ್‌ಮನ್ ಸಂಸಾರ.

ಪೂರ್ವಸೂರಿಗಳನ್ನು ಸ್ಮರಿಸದೆ ಮುಂದುವರಿದರೆ ಪ್ರಬಂಧಕ್ಕೆ ಅಂಕ ಸಿಗುವುದಿಲ್ಲ. 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು ರೊಟ್ಟಿಗೆ ಶೇ 5, ಪರೋಟಕ್ಕೆ ಶೇ 18 ಎಂದು ತೀರ್ಮಾನಿಸಿತು. ಪ್ಯಾಕೆಟ್ ಪರೋಟವನ್ನು ತಿನ್ನುವ ಮೊದಲು ಬಿಸಿ ಮಾಡಬೇಕಲ್ಲ, ಆದ್ದರಿಂದ ಅದು ರೊಟ್ಟಿಯಲ್ಲ ಎಂಬುದು ಅಲ್ಲಿನ ಯುಕ್ತಿ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯು ಉಪ್ಪಿನ ಪಾಪ್‌ಕಾರ್ನ್ ಬಿಡಿಯಾಗಿದ್ದರೆ 5, ಪ್ಯಾಕೆಟ್ಟಿನಲ್ಲಿದ್ದರೆ 12, ಸಕ್ಕರೆ ಪಾಕ ಸೇರಿದರೆ 18 ಎಂದು ವಿವರಿಸಿತು. ದ್ವೈತ, ಅದ್ವೈತ, ವಿಶಿಷ್ಟಾದ್ವೈತಗಳನ್ನು ಅರಗಿಸಿಕೊಂಡ ನಾಡಿಗೆ ಇದೇನೂ ಕಷ್ಟವಾಗಲಿಲ್ಲ. ಈಗ ಪರೋಟಕ್ಕೂ ರೊಟ್ಟಿಗೂ ಸೊನ್ನೆ. ಐದು ವರ್ಷದ ತರ್ಕಶಾಸ್ತ್ರ ವ್ಯರ್ಥವಾಯಿತೆಂದು ಈ ಲೇಖಕನಿಗೆ ಒಳಗೊಳಗೇ ಬೇಸರವಿದೆ.

ಇನ್ನು ಕ್ಷೇತ್ರಕಾರ್ಯ. ಮೇಷ್ಟ್ರ ಸಂಬಳ ವರ್ಷಕ್ಕೆ 7 ಲಕ್ಷ 75 ಸಾವಿರ. 12 ಲಕ್ಷದವರೆಗೆ ತೆರಿಗೆಯಿಲ್ಲ ಎಂದು ಟಿವಿಯಲ್ಲಿ ಕೇಳಿದ ದಿನ ಅವರು ಮನೆಗೆ ಮೈಸೂರು ಪಾಕ್ ತಂದರು. ಹಂಚಿಯಾದ ಮೇಲೆ ಲೆಕ್ಕ ಹಾಕಿದರೆ, ಹಿಂದಿನ ವರ್ಷವೂ ಹೊಸ ಪದ್ಧತಿಯಲ್ಲಿ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 7 ಲಕ್ಷದವರೆಗೆ ತೆರಿಗೆ ಇರಲೇ ಇಲ್ಲ. ಉಳಿತಾಯ ಸೊನ್ನೆ, ಮೈಸೂರು ಪಾಕ್ ಖರ್ಚು ಬೇರೆ. ವೃತ್ತಿ ತೆರಿಗೆಯನ್ನು ಮಾತ್ರ ರಾಜ್ಯ ಸರ್ಕಾರ ಫೆಬ್ರವರಿ ತಿಂಗಳಿಗೆ 200ರಿಂದ 300ಕ್ಕೆ ಏರಿಸಿ, ಸಂವಿಧಾನ ಹಾಕಿದ ವರ್ಷಕ್ಕೆ 2,500ರ ಮಿತಿಯನ್ನು ಒಂದು ರೂಪಾಯಿಯೂ ಬಿಡದೆ ಮುಟ್ಟಿತು. ರಾಜ್ಯಸಭೆಗೆ ಕರ್ನಾಟಕದಿಂದಲೇ ಹೋದ ಹಣಕಾಸು ಸಚಿವರು ಕೊಟ್ಟದ್ದರಲ್ಲಿ ಮೇಷ್ಟ್ರಿಗೆ ಏನೂ ಬರಲಿಲ್ಲ. ಕೈಲಿದ್ದದ್ದರಲ್ಲಿ ನೂರು ರೂಪಾಯಿ ವಿಧಾನಸೌಧಕ್ಕೆ ಹೋಯಿತು.

ಎರಡನೇ ಮಹಡಿಯ ವಿದ್ಯಮಾನ ಇನ್ನೂ ಗಹನವಾದದ್ದು. ಗಂಡನ ಸಂಬಳ ಸರಿಯಾಗಿ 12 ಲಕ್ಷ 75 ಸಾವಿರ. ಆತನಿಗೆ 80 ಸಾವಿರ ಉಳಿಯಿತು. ಅದೇ 18 ಲಕ್ಷದ ತೆರಿಗೆ ಆದಾಯದವನಿಗೆ 70 ಸಾವಿರ, 24 ಲಕ್ಷ ದಾಟಿದವನಿಗೆ 1 ಲಕ್ಷ 10 ಸಾವಿರ. ಈ ಏರಿಳಿತ ನಂದಿಬೆಟ್ಟದ ರಸ್ತೆಯನ್ನು ನೆನಪಿಸುತ್ತದೆ. ಹೆಂಡತಿಯ ಸಂಬಳವೂ ಅಷ್ಟೇ ಇತ್ತು, ಆದರೆ ಕಂಪನಿ ಆಕೆಗೆ ವರ್ಷಕ್ಕೆ 10 ಸಾವಿರ ಇನ್‌ಕ್ರಿಮೆಂಟ್ ಕೊಟ್ಟುಬಿಟ್ಟಿತು. ಮಿತಿಯ ಮೇಲಿನ ಹತ್ತು ಸಾವಿರವೂ ತೆರಿಗೆ, ಅದರ ಮೇಲೆ ಶೇ 4 ಸೆಸ್. ಹತ್ತು ಸಾವಿರ ಹೆಚ್ಚು ದುಡಿದದ್ದಕ್ಕೆ ಹತ್ತು ಸಾವಿರದ ನಾನೂರು ಕಟ್ಟಬೇಕು.

‘ಇನ್‌ಕ್ರಿಮೆಂಟ್ ಸಿಕ್ಕಿದ್ದಕ್ಕೆ ನಾನೂರು ರೂಪಾಯಿ ಲಾಸ್ ಅಂದ್ರೆ ನಮ್ಮಮ್ಮ ನಂಬ್ತಿಲ್ಲ ಸರ್’ ಎಂದರು ಆಕೆ. ತೆರಿಗೆ ಆದಾಯ ಸುಮಾರು 12 ಲಕ್ಷ 70 ಸಾವಿರ ದಾಟುವವರೆಗೂ ಈ ನಿಷ್ಕಾಮ ಕರ್ಮ ಮುಂದುವರಿಯುತ್ತದೆ. ಗೀತೆಯ ಭಾಷ್ಯಕಾರರು ಇದನ್ನು ಗಮನಿಸಬೇಕು.

ಓನರ್ ವಿಷಯಕ್ಕೆ ಬಂದರೆ, ಅವರಿಗೆ ಆದಾಯ ತೆರಿಗೆಯಲ್ಲಿ ಉಳಿದ 1 ಲಕ್ಷ 10 ಸಾವಿರ ಬರೀ ಉಪ್ಪಿನಕಾಯಿ. ದೊಡ್ಡ ಎಸ್‌ಯುವಿ, ಅಂದರೆ 4 ಮೀಟರಿಗಿಂತ ಉದ್ದ, 1500 ಸಿಸಿಗೂ ಮೀರಿದ ಎಂಜಿನ್, ನೆಲದಿಂದ ಕನಿಷ್ಠ 170 ಮಿಲಿಮೀಟರ್ ಎತ್ತರ ಇರುವ ವಾಹನ, ಈಗ ಶೇ 40ರ ಪಂಕ್ತಿಯಲ್ಲಿ ಪಾನ್ ಮಸಾಲ, ಕೋಲಾಗಳ ಜೊತೆ ಕೂತಿದೆ. ಪತ್ರಿಕೆಗಳು ಇದಕ್ಕೆ ಪಾಪದ ತೆರಿಗೆ ಎಂದವು. ಆದರೆ ಸೆಸ್ ಸೇರಿ ಹಿಂದೆ ಇದ್ದದ್ದು ಶೇ 50. ಪಾಪ ಎಂದು ಹೆಸರಿಟ್ಟ ಮೇಲೆ ಅಗ್ಗವಾದ ಪಾಪ ಇದೊಂದೇ ಇರಬೇಕು. ತೆರಿಗೆ ಸೇರಿ 20 ಲಕ್ಷವಿದ್ದ, ಓನರ್ ಕೊಂಡ ಗಾಡಿಗೆ 1 ಲಕ್ಷ 33 ಸಾವಿರ ಇಳಿಯಿತು.

ಈಗ ಶೀಟಿನ ರೂಮು. ವಾಚ್‌ಮನ್‌ಗೆ ಆದಾಯ ತೆರಿಗೆಯ ಪ್ರಶ್ನೆಯೇ ಇಲ್ಲ. ರೇಷನ್ ಅಕ್ಕಿ ಪುಕ್ಕಟೆ. ಬಿಡಿ ರಾಗಿ, ತರಕಾರಿಗೆ ಮೊದಲೂ ಸೊನ್ನೆ, ಈಗಲೂ ಸೊನ್ನೆ. ಗ್ಯಾಸ್ ಸಿಲಿಂಡರಿಗೆ ಆಗಲೂ 5, ಈಗಲೂ 5. ಪೆಟ್ರೋಲು ಜಿಎಸ್‌ಟಿಯ ಹೊಸ್ತಿಲನ್ನೇ ತುಳಿದಿಲ್ಲ. ಇಲ್ಲದ ತೆರಿಗೆಯನ್ನು ಇಳಿಸುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಉಳಿದದ್ದು ಸೋಪು: ಶೇ 18ರಿಂದ 5ಕ್ಕೆ.

‘ಸೋಪಿನ ರೇಟು ಇಳಿದಿದ್ದು ಗೊತ್ತಾಯ್ತಾಮ್ಮ?’ ಎಂದು ಕೇಳಲಾಗಿ, ನಾಲ್ಕು ಮನೆಯ ಬಟ್ಟೆ ಒಗೆಯುವ ಆತನ ಹೆಂಡತಿ ಬಕೆಟ್ಟಿನಿಂದ ಕೈ ತೆಗೆಯದೆ, ‘ಯಾವ್ದು ಸಾ, ಮೈಗೆ ಹಾಕೋದಾ, ಬಟ್ಟೆ ಪುಡೀನಾ?’ ಎಂದು ಮರುಪ್ರಶ್ನಿಸಿದರು. ಇದು ನಮ್ಮ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ 18ರಲ್ಲೇ ಇದೆ. ದೇಹಶುದ್ಧಿಗೂ ವಸ್ತ್ರಶುದ್ಧಿಗೂ ಶೇಕಡಾ 13ರ ಅಂತರವುಂಟೆಂಬ ಈ ಹೊಸ ಸಿದ್ಧಾಂತದ ಶ್ರೇಯಸ್ಸು ಆಕೆಗೇ ಸಲ್ಲಬೇಕು.

ಮೈಸೋಪಿನ ಲೆಕ್ಕಕ್ಕೆ ಬರೋಣ. 40 ರೂಪಾಯಿಯ ಸೋಪಿನಲ್ಲಿ ಉಳಿಯುವುದು 4 ರೂಪಾಯಿ 40 ಪೈಸೆ. ತಿಂಗಳಿಗೆ ಮೂರು ಸೋಪು ಹಿಡಿದರೆ, ಓನರ್ ಎಸ್‌ಯುವಿಯೊಂದರಲ್ಲೇ ಉಳಿಸಿದ ಮೊತ್ತವನ್ನು ಈ ಸಂಸಾರ ಮುಟ್ಟಲು ಸುಮಾರು 840 ವರ್ಷ ಬೇಕು. ಅಂದರೆ ಹೊಯ್ಸಳ ಇಮ್ಮಡಿ ವೀರಬಲ್ಲಾಳ ದೋರಸಮುದ್ರದಲ್ಲಿ ಆಳುತ್ತಿದ್ದಾಗಲೇ ವಾಚ್‌ಮನ್ ಸ್ನಾನಕ್ಕೆ ಇಳಿದು ಇವತ್ತಿನವರೆಗೂ ತಪ್ಪದೆ ಸೋಪು ಕೊಂಡಿದ್ದರೆ, ಈಗ ಸರಿಸಮ. ಆಗ ಸೋಪೇ ಇರಲಿಲ್ಲ ಎಂಬ ಇತಿಹಾಸಕಾರರ ಆಕ್ಷೇಪವನ್ನು ಅರ್ಥಶಾಸ್ತ್ರ ಒಪ್ಪುವುದಿಲ್ಲ. ಉಳಿದ ಅಂಶಗಳು ಯಥಾಸ್ಥಿತಿಯಲ್ಲಿವೆ ಎಂದು ಭಾವಿಸಿಕೊಳ್ಳುವುದೇ ಅದರ ಪದ್ಧತಿ.

ಕಾಂಡಿಮೆಂಟ್ಸ್ ಅಂಗಡಿಯವರು ಸಂದರ್ಶನಕ್ಕೆ ಒಪ್ಪಲಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ ಮೇಲೆ, ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳುವವರೆಂದರೆ ಅವರಿಗೆ ಆಗದು. ಕ್ಯೂಆರ್ ಕೋಡ್ ಕಿತ್ತ ಜಾಗದಲ್ಲಿ ಗೋಂದಿನ ಚೌಕ ಇನ್ನೂ ಇದೆ. ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂಬ ಹಿರಿಯರ ಮಾತನ್ನು ಅವರು ಸಂಶೋಧಕರಿಗೂ ಅನ್ವಯಿಸಿದ್ದಾರೆ. ಹಳೆಯ ದರಪಟ್ಟಿಗಳನ್ನು ಮಾತ್ರ ತೋರಿಸಿದರು.

ಅದರಲ್ಲಿ ಎಲ್ಲ ಮಹಡಿಗೂ ಸಮಾನವಾದ ಒಂದು ಫಲಿತಾಂಶ ಕೊನೆಗೂ ಸಿಕ್ಕಿತು. ತುಪ್ಪದ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಾಗ, ಸೆಪ್ಟೆಂಬರಿನಲ್ಲಿ ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಬಂತು. ನವೆಂಬರಿನಲ್ಲಿ ಅದು 700 ಆಯಿತು.