ಗೊಮ್ಮಟನಷ್ಟು ಎತ್ತರದ ಗೋಡೆ

ಹಿರಿಯಡ್ಕ ಪೇಟೆಯ ಗೂಡಂಗಡಿ. ಮತ ಕೇಳಲು ಬಂದ ಅಭ್ಯರ್ಥಿ ಬಿಸಿ ಗೋಳಿಬಜೆ ಮುರಿದು ಚಟ್ನಿಗೆ ಅದ್ದಿದರು.

"ಅಜ್ಜ, ಗೆದ್ದರೆ ನಿಮ್ಮೂರ ಜಿಲ್ಲಾ ಜೈಲನ್ನು ಬಿಗಿ ಮಾಡಿಸ್ತೇನೆ."

"ಎಷ್ಟು ಬಿಗಿ ಮಾರಾಯ್ರೇ? ಪರಪ್ಪನ ಅಗ್ರಹಾರದಷ್ಟಾ? 2024ರಲ್ಲಿ ನಟ ದರ್ಶನ್ ಅಲ್ಲಿ ಮಗ್ಗು ಹಿಡಿದು ಕೂತ ಫೋಟೊ ನೋಡಿದೆ. ನನ್ನ ಅಂಗಡಿಯಲ್ಲಿ ಅಷ್ಟು ಒಳ್ಳೆ ಕುರ್ಚಿ ಇಲ್ಲ."

"ಕೂಡಲೇ ಬಳ್ಳಾರಿಗೆ ಸಾಗಿಸಿದ್ರಲ್ಲ!"

"ಫೋಟೊ ಹೊರಗೆ ಬಂದ ಮೇಲೆ. ಒಳಗೆ ಫೋನು ಹೋಗದ ಹಾಗೆ ಎಂತ ಮಾಡ್ತೀರಿ?"

"ಜಾಮರ್!"

"ಆಗ ಸುತ್ತಲಿನ ಮನೆಯವರ ಫೋನೂ ಸಾಯ್ತದೆ. ಅಗ್ರಹಾರದವರ ದೂರೂ ಅದೇ."

"ಹಾಗಾದ್ರೆ ಮಣಿಪಾಲದ ಹುಡುಗರ ಹತ್ರ ಒಂದು ಆ್ಯಪ್ ಮಾಡಿಸುವ."

"ಕಾಪು, ಕಾರ್ಕಳದಲ್ಲೂ ಇದನ್ನೇ ಹೇಳಿದ್ದಾ?"

"ಇಲ್ಲಪ್ಪ. ಕಾಪುವಿನಲ್ಲಿ ದೀಪಸ್ತಂಭದಷ್ಟು ಎತ್ತರದ ಗೋಡೆ ಅಂದೆ, ಕಾರ್ಕಳದಲ್ಲಿ ಗೊಮ್ಮಟನಷ್ಟು."

"42 ಅಡಿ! ಕಳ್ಳರಿಗೂ ದರ್ಶನಭಾಗ್ಯ. ಅಲ್ಲ, ಒಳಗಿನವರ ವೋಟು ಯಾರಿಗೆ?"

"1951ರ ಕಾಯ್ದೆ ಪ್ರಕಾರ ವಿಚಾರಣೆ ಕೈದಿಗೂ ವೋಟಿಲ್ಲ."

"ಚುನಾವಣೆಗೆ ನಿಲ್ಲಿಕ್ಕೆ?"

"ಅದಕ್ಕೇನಡ್ಡಿಯಿಲ್ಲ. 2013ರಲ್ಲೇ ತಿದ್ದುಪಡಿಯಾಗಿದೆ."

ಇಸವಿ ಇಷ್ಟು ಬಾಯಿಪಾಠ ಇರುವ ಅಭ್ಯರ್ಥಿಗಳು ಅಪರೂಪ. ಅಜ್ಜ ಬಾಣಲೆಯಿಂದ ತಲೆ ಎತ್ತಿ ಅವರನ್ನೇ ನೋಡಿದರು.

ಅಭ್ಯರ್ಥಿ ಬೆಂಚಿನಲ್ಲಿ ಸ್ವಲ್ಪ ಹತ್ತಿರ ಸರಿದು, ಸ್ವರ ತಗ್ಗಿಸಿ ಕೇಳಿದರು: "ಅಲ್ಲ ಅಜ್ಜ, ಒಳಗೆ ಊಟಕ್ಕೆ ಕುಚ್ಚಲಕ್ಕಿ ಕೊಡ್ತಾರಾ?"