ಐರೋಲಿಯ ಎಚ್‌ಆರ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಎಚ್‌ಆರ್ ಸಾಹೇಬರೇ,

ಡೊಂಬಿವಲಿಯಲ್ಲಿ ಮಲಗಿ, ಐರೋಲಿಯಲ್ಲಿ ದುಡಿಯುವ ಈ ಬಡಪಾಯಿಯ ಮೇಲೆ ತಮಗಿರುವ ಅಕ್ಕರೆಗೆ ಸಾಷ್ಟಾಂಗ ನಮಸ್ಕಾರ. ತಾವು ಕಡ್ಡಾಯ ಮಾಡಿದ ಹಾಜರಿ ಆ್ಯಪ್ 'ಲೊಕೇಶನ್ ಸದಾ ಆನ್ ಇರಲಿ' ಎಂದಿತು. ಒತ್ತಿದೆ. ಒತ್ತದಿದ್ದರೆ ಹಾಜರಿಯಿಲ್ಲ, ಹಾಜರಿಯಿಲ್ಲದಿದ್ದರೆ ಪಗಾರವಿಲ್ಲ. ಇದಕ್ಕೆ ತಮ್ಮ ಕಡತದಲ್ಲಿ ಸ್ವಇಚ್ಛೆಯ ಒಪ್ಪಿಗೆ ಎಂದು ಹೆಸರಂತೆ. ಅಂದಿನಿಂದ ಥಾಣೆಯಲ್ಲಿಳಿದು ಟ್ರಾನ್ಸ್‌ ಹಾರ್ಬರ್ ಗಾಡಿ ಹಿಡಿಯುವುದು, ಭಾನುವಾರ ಕಲ್ಯಾಣದ ಅತ್ತೆ ಮನೆಗೆ ಹೋಗುವುದು, ಊಟ ಮುಗಿದ ತಕ್ಷಣ ಅಲ್ಲಿಂದ ಜಾರಿಕೊಳ್ಳುವುದು, ಎಲ್ಲವೂ ತಮಗೆ ಗೊತ್ತು. ಜಾರಿಕೊಂಡು ಎಲ್ಲಿಗೆ ಹೋದೆನೆಂಬುದು ನನ್ನ ಹೆಂಡತಿಗೂ ಗೊತ್ತಿಲ್ಲ.

ತಾವು ಕಾನೂನು ಮೀರಿದ್ದೀರಿ ಎಂದು ಯಾರೂ ಅನ್ನಲಾರರು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ದಿನದ ದುಡಿಮೆಗೆ ಗಂಟೆಗಳ ಮಿತಿಯಿದೆ, ಕುಡಿಯುವ ನೀರಿದೆ, ಬೆಳಕಿದೆ, ಶೌಚಾಲಯವಿದೆ. 50 ಜನರಿದ್ದರೆ ಶಿಶುಪಾಲನಾ ಕೊಠಡಿಯೂ ಬೇಕು. ಜೇಬಿನೊಳಗೆ ಕೂತು ಹಿಂಬಾಲಿಸುವ ಆ್ಯಪ್‌ನ ಸುದ್ದಿ ಮಾತ್ರ ಇಲ್ಲ. ಕಚೇರಿಯಲ್ಲಿ ದೀಪ ಉರಿಯುತ್ತಿದೆಯೇ ಎಂದು ವಿಚಾರಿಸುವ ಸರ್ಕಾರ, ಆ ಬೆಳಕಿನಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆಂದು ಕೇಳುವುದಿಲ್ಲ.

ತಮಾಷೆಯೆಂದರೆ, ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ತೀರ್ಪಿಗೆ ಮೂಲವಾದ ಆಧಾರ್ ವಿಷಯದಲ್ಲಿ ಕೋರ್ಟಿನ ಮೆಟ್ಟಿಲೇರಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಇಳಿವಯಸ್ಸಿನಲ್ಲಿ ಅವರಿಗೆ ಯಾವ ಎಚ್‌ಆರ್ ಕಾಟವೂ ಇರಲಿಲ್ಲ, ಪುಣ್ಯ!

ಆಮೇಲೆ ಕೇಂದ್ರದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ 7ನೇ ಕಲಮಿನ ಪ್ರಕಾರ ಉದ್ಯೋಗದ ಉದ್ದೇಶಕ್ಕಾದರೆ, ಕಂಪನಿಯ ಗುಟ್ಟು ಸೋರದಂತೆ ತಡೆಯುವುದಕ್ಕಾದರೆ, ನಮ್ಮ ಒಪ್ಪಿಗೆಯೇ ಬೇಡ. ಹಾಗಿದ್ದೂ ಬಟನ್ ತೋರಿಸಿ ಕೇಳಿದಿರಲ್ಲ, ಅದು ತಮ್ಮ ದೊಡ್ಡತನ! ಆದರೆ ಭಾನುವಾರದ ಕಲ್ಯಾಣ ಯಾವ ಉದ್ಯೋಗದ ಉದ್ದೇಶವೋ ತಿಳಿಯಲಿಲ್ಲ. ನಮ್ಮ ಅತ್ತೆಗೆ ಕಂಪನಿಯ ಗುಟ್ಟು ಮಾರುತ್ತೇನೆಂದೇ? ಅವರು ಚೌಕಾಸಿ ಮಾಡುವ ರೀತಿ ಬಲ್ಲವರು ಆ ವ್ಯಾಪಾರಕ್ಕೆ ಇಳಿಯಲಾರರು.

ನಾನಾದರೂ ಎಸಿಯಲ್ಲಿ ಕೂತು ಗೊಣಗುತ್ತೇನೆ. ನವಿಮುಂಬಯಿ ಮಹಾನಗರಪಾಲಿಕೆ ಪೌರಕಾರ್ಮಿಕರ ಕೈಗೇ ಜಿಪಿಎಸ್ ಗಡಿಯಾರ ಕಟ್ಟಿತು. ಬೀದಿ ಗುಡಿಸುವಾಕೆ ಎಲ್ಲಿ ನಿಂತಳೆಂದು ಅದು ಹೇಳುತ್ತದೆ. ಆಕೆಗೆ ಅವಸರವಾದಾಗ ಹತ್ತಿರದ ಶೌಚಾಲಯ ಎಲ್ಲಿದೆ, ಬೀಗ ತೆಗೆದಿದೆಯೇ ಎಂದು ಹೇಳುವ ಗಡಿಯಾರವನ್ನು ನಾನಿನ್ನೂ ಕಂಡಿಲ್ಲ.

ಆ್ಯಪ್ ತೆಗೆಯಿರಿ ಎನ್ನುವಷ್ಟು ಉದ್ಧಟ ನಾನಲ್ಲ. ಕೂಡಿಟ್ಟ ನನ್ನ ಓಡಾಟದ ಲೆಕ್ಕವನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ನಾನು ನೌಕರಿ ಬಿಟ್ಟ ಮೇಲೆ ಅದರ ಗತಿಯೇನು, ಇಷ್ಟನ್ನು ಕಾಗದದ ಮೇಲೆ ಬರೆದುಕೊಡಿ. ಅದಕ್ಕೆ ಪುರುಸೊತ್ತಿಲ್ಲದಿದ್ದರೆ, ತಮ್ಮ ಫೋನಿನಲ್ಲೂ ಈ ಆ್ಯಪ್ ಇದೆಯೇ ಎಂಬುದನ್ನು ಬಾಯಿಮಾತಿನಲ್ಲಾದರೂ ಹೇಳಿಬಿಡಿ.

ಇತಿ ತಮ್ಮ ವಿಧೇಯ,
ಡೊಂಬಿವಲಿಯ ಒಬ್ಬ ನೌಕರ