ಸುದ್ದಿ ತಡೆಯುವ ವಿದ್ಯೆ

ಕೊಳ್ಳೇಗಾಲದಲ್ಲಿದ್ದುಕೊಂಡು ಸಾರ್ವಜನಿಕ ಸಂಪರ್ಕದ ಸ್ನಾತಕೋತ್ತರ ಡಿಪ್ಲೊಮಾ ಓದುವುದು ಒಂದು ಬಗೆಯ ಉದ್ಧಟತನ. ಇಲ್ಲಿ ಒಬ್ಬರ ಮನೆಯಲ್ಲಿ ಒಗ್ಗರಣೆ ಸೀದರೆ ಮರಡಿಗುಡ್ಡದ ಆಚೆಗೂ ಗೊತ್ತಾಗುತ್ತದೆ. ಬಡ್ತಿಗೆ ಅನುಕೂಲವಾದೀತೆಂದು ನಾನು ದೂರಶಿಕ್ಷಣದ ಅರ್ಜಿ ತುಂಬಿ, ಬ್ಯಾಂಕಿನಲ್ಲಿ ಚಲನ್ ಕಟ್ಟಿ ಮನೆ ಸೇರುವಷ್ಟರಲ್ಲಿ ಸೋದರತ್ತೆ ಜಗಲಿಯ ಮೇಲೆ ಕೂತು ಕಾಯುತ್ತಿದ್ದರು.

"ಯಾನ ಮೊಗಾ, ಈ ವಯಸ್ನಲ್ಲಿ ಮತ್ತ ಇಸ್ಕೂಲ್ಗ ಸೇರ್ಕಂಡ್ಯಂತ?"

"ಜನರ ಜೊತೆ ಒಳ್ಳೇ ಸಂಬಂಧ ಇಟ್ಕೊಳ್ಳೋದು ಹೆಂಗೆ ಅಂತ ಕಲಿಸ್ತಾರೆ ಅತ್ತೆ."

"ಅದ ಕಲ್ಸಕ ದುಡ್ಡು ಈಸ್ಕತಾರಾ? ತಂಗಿ ಮನ ಗೃಹಪ್ರವೇಶಕ್ಕ ನೀ ಹೋಗ್ನಿಲ್ವಲ್ಲ, ಅದ್ರ ಬಗ್ಗನೂ ವಸಿ ಹೇಳ್ಕೊಡ್ತಾರಾ ಕೇಳು."

ಅಂಚೆಯಲ್ಲಿ ಪಠ್ಯಗಳು ಬಂದವು. ತಿಳಿನೀಲಿ ರಟ್ಟಿನ ದಪ್ಪ ಪುಸ್ತಕಗಳು. ಬಿಡಿಸಿದರೆ ಗೋಂದಿನ ವಾಸನೆ, ನಡುವೆ ಎರಡು ಹಾಳೆ ತಲೆಕೆಳಗು. ಮೊದಲ ಘಟಕದಲ್ಲೇ ಐವಿ ಲೀ ಎದುರಾದ. 1906ರಲ್ಲಿ ಅಮೆರಿಕದಲ್ಲಿ ರೈಲು ಅಪಘಾತವಾದಾಗ, ಮುಚ್ಚಿಡುವುದು ಬೇಡ, ನಾವೇ ವಿವರ ಬರೆದು ಪತ್ರಿಕೆಗಳಿಗೆ ಕೊಡೋಣ ಎಂದು ರೈಲ್ವೆ ಕಂಪನಿಯನ್ನು ಒಪ್ಪಿಸಿದಾತ. ಪತ್ರಿಕಾ ಹೇಳಿಕೆ ಹುಟ್ಟಿದ್ದೇ ಹೀಗೆ ಎನ್ನುತ್ತಾರೆ. ಆತ ಒಮ್ಮೆ ತಾಳಬೆಟ್ಟದ ಕಡೆ ಬರಬೇಕಿತ್ತು. ಮಾದಪ್ಪನ ಬೆಟ್ಟದ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತರೆ ಡ್ರೈವರ್ ಕೆಳಗಿಳಿಯುವ ಮುಂಚೆಯೇ ಯಾವ ಭಾಗ ಹೋಯಿತು, ಯಾರ ತಪ್ಪು, ಡಿಪೋದಲ್ಲಿ ಯಾರಿಗೆ ನೋಟಿಸು ಎಂಬುದೆಲ್ಲ ಹನೂರು ತಲುಪಿರುತ್ತದೆ. ಅಧಿಕೃತ ಹೇಳಿಕೆಗೆ ಇಲ್ಲಿ ಜಾಗವೇ ಇಲ್ಲ.

ಎರಡನೆಯವನು ಎಡ್ವರ್ಡ್ ಬರ್ನೇಸ್. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಹೆಂಗಸರ ಕೈಗೆ ಸಿಗರೇಟು ಕೊಟ್ಟು, ಅದನ್ನು ಸ್ವಾತಂತ್ರ್ಯದ ಪಂಜು ಎಂದು ಕರೆಸಿದ ಮಹಾನುಭಾವ. ಕಂಪನಿಗೆ ವ್ಯಾಪಾರ, ಪತ್ರಿಕೆಗೆ ಫೋಟೊ. ಇದನ್ನು ಓದಿ ಹೇಳಿದಾಗ ಅತ್ತೆ ದವಡೆಯಲ್ಲಿದ್ದ ಹೊಗೆಸೊಪ್ಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿ, "ಅದ್ಕೂ ಮೆರವಣ್ಗ ಮಾಡ್ಬೇಕಾಗಿತ್ತಾ?" ಎಂದರು.

ಮೈಸೂರಿನಲ್ಲಿ ಸಂಪರ್ಕ ತರಗತಿ. ಬಿಕ್ಕಟ್ಟು ನಿರ್ವಹಣೆಯ ಬಗ್ಗೆ ಒಂದು ಪ್ರಕರಣ ಬರೆದು ತರಲು ಮೇಷ್ಟ್ರು ಹೇಳಿದರು. ನಗರದ ಹುಡುಗರೆಲ್ಲ 2015ರ ಮ್ಯಾಗಿ ನೂಡಲ್ಸ್ ಹಿಡಿದರು. ನಾನು ನಮ್ಮ ಜಿಲ್ಲೆಯನ್ನೇ ಹಿಡಿದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮಾತಿಗಿಂತ ದೊಡ್ಡ ಪ್ರಚಾರಾಂದೋಲನ ಈ ರಾಜ್ಯದಲ್ಲಿ ನಡೆದಿಲ್ಲ. ಕರಪತ್ರವಿಲ್ಲ, ಬಜೆಟ್ಟಿಲ್ಲ, ಏಜೆನ್ಸಿಯಿಲ್ಲ. ಅರಸು, ಗುಂಡೂರಾವ್, ಹೆಗಡೆ ಎಂದು ಹೋಟೆಲಿನಲ್ಲಿ ಬೆರಳು ಮಡಿಸುತ್ತ ಎಣಿಸಿದರೆ ಸಾಕು, ವಿಧಾನಸೌಧದ ಪ್ರವಾಸಪಟ್ಟಿಯೇ ಬದಲಾಗುತ್ತಿತ್ತು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದಾಗಲೂ ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ಜಿಲ್ಲಾಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಮದುವೆಮನೆಗೆ ಬಂದು ಹಿತ್ತಲಲ್ಲೇ ಮುಯ್ಯಿ ಕೊಟ್ಟು ಹೊರಟಂತೆ.

ಈ ಮೂಢನಂಬಿಕೆಯಿಂದ ನಮಗೆ ನಷ್ಟವೇ ಆಯಿತು ಎಂದು ಎಲ್ಲರೂ ಬರೆಯುತ್ತಾರೆ. ನನಗೇನೋ ಅನುಕೂಲವೂ ಕಂಡಿದೆ. ರಸ್ತೆ ಯಾಕಿಲ್ಲ? ಸಿಎಂ ಬರಲ್ಲವಲ್ಲ. ನಲ್ಲಿ ಯಾಕೆ ಬತ್ತಿದೆ? ಸಿಎಂ ಬರಲ್ಲವಲ್ಲ. ಸ್ಥಳೀಯ ನಾಯಕರಿಗೆ ಇಷ್ಟು ಗಟ್ಟಿ ಉತ್ತರವನ್ನು ಯಾವ ವಕ್ತಾರನೂ ಬರೆದುಕೊಡಲಾರ. 2013ರಲ್ಲಿ ಸಿದ್ದರಾಮಯ್ಯ ಬಂದೇ ಬಿಟ್ಟರು. ಮತ್ತೆ ಮತ್ತೆ ಬಂದರು. ಐದು ವರ್ಷ ಪೂರ್ತಿ ಮುಗಿಸಿದರು. ನಂಬಿಕೆ ಸತ್ತಿತು ಎಂದು ನಾನು ಸಮಾರೋಪ ಬರೆಯಬಹುದಿತ್ತು. ಆದರೆ 2018ರಲ್ಲಿ ಅವರ ಸರ್ಕಾರ ಹೋದಾಗ ಹೋಟೆಲಿನ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು, "ನಿಧಾನಕ್ಕ ತಗುಲ್ತು ಕನಾ" ಎಂದುಬಿಟ್ಟರು. 2023ರಲ್ಲಿ ಸಿದ್ದರಾಮಯ್ಯ ಮತ್ತೆ ಮುಖ್ಯಮಂತ್ರಿಯಾದರು, 2025ರ ಏಪ್ರಿಲ್‌ನಲ್ಲಿ ಇಡೀ ಸಚಿವ ಸಂಪುಟವನ್ನೇ ಮಾದಪ್ಪನ ಬೆಟ್ಟಕ್ಕೆ ಕರೆತಂದು ಸಭೆ ನಡೆಸಿದರು. ಹಿರಿಯರು ಇನ್ನೂ ಬೆರಳು ಬಿಚ್ಚಿಲ್ಲ.

ಯಳಂದೂರಿನ ಪಾಠ ಬೇರೆ. ಹೈದರನ ಹತ್ತಿರ ಲೆಕ್ಕ ಬರೆದು, ಟಿಪ್ಪುವಿಗೆ ಮಂತ್ರಿಯಾಗಿ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ದಿವಾನನಾಗಿ, ಇಂಗ್ಲಿಷರಿಂದಲೂ ಭೇಷ್ ಎನಿಸಿಕೊಂಡು, ಕೊನೆಗೆ ಯಳಂದೂರನ್ನು ಜಾಗೀರಾಗಿ ಪಡೆದವರು ಪೂರ್ಣಯ್ಯ. ಒಬ್ಬರಿಗೊಬ್ಬರು ಆಗದ ಯಜಮಾನರ ಕೈಕೆಳಗೆ ಹುದ್ದೆ ಉಳಿಸಿಕೊಂಡ ಅವರ ಬಗ್ಗೆ ನನ್ನ ಪಠ್ಯದಲ್ಲಿ ಒಂದು ಸಾಲಿಲ್ಲ. ಅಲ್ಲಿಂದ ಮೇಲೆ ಹತ್ತಿದರೆ ಬಿಳಿಗಿರಿರಂಗ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದದ್ದರಿಂದ ಸೋಲಿಗರಿಗೆಲ್ಲ ಆತ ರಂಗಭಾವ. ರಾತ್ರಿ ಕಾಡು ಸುತ್ತುತ್ತಾನೆಂದು ಆತನಿಗೆ ಎರಡು ವರ್ಷಕ್ಕೊಮ್ಮೆ ಭಾರೀ ಚರ್ಮದ ಪಾದರಕ್ಷೆ ಹೊಲಿದು ಒಪ್ಪಿಸುತ್ತಾರೆ. ಹಳೆಯದು ಸವೆದಿರುತ್ತದೆಂದು ನಂಬಿಕೆ. ಚಪ್ಪಲಿ ಸವೆಸಿದ ಜನಸಂಪರ್ಕಾಧಿಕಾರಿಯನ್ನು ನಾನು ಕಂಡದ್ದು ಅಲ್ಲೊಬ್ಬನನ್ನೇ.

ಹನೂರಿನ ಕಡೆಯ ಸಹಪಾಠಿಯೊಬ್ಬ ಮಾಧ್ಯಮ ಸಂಪರ್ಕದ ಪ್ರಬಂಧಕ್ಕೆ ವೀರಪ್ಪನ್‌ನನ್ನು ಆರಿಸಿಕೊಂಡ. 2000ನೇ ಇಸವಿಯಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಹೊತ್ತೊಯ್ದು, ಕಾಡಿನಿಂದ ಬರುವ ಕ್ಯಾಸೆಟ್ಟಿಗೆ ಎರಡು ರಾಜ್ಯದ ಸರ್ಕಾರಗಳು 108 ದಿನ ಕಿವಿಗೊಟ್ಟು ಕೂರುವಂತೆ ಮಾಡಿದವನು, ಮೀಸೆಯನ್ನೇ ಮುದ್ರೆ ಮಾಡಿಕೊಂಡವನು. ಮೇಷ್ಟ್ರು ಓದಿ, ವಿಶ್ಲೇಷಣೆ ಚೆನ್ನಾಗಿದೆ, ವಿಷಯ ಬದಲಿಸಿ ಎಂದರು. ಅವನೂ ಮ್ಯಾಗಿಗೆ ಶರಣಾದ.

ಪರೀಕ್ಷೆ ಪಾಸಾಯಿತು. ಅದೂ ನನಗಿಂತ ಮೊದಲು ಬೀದಿಗೆ ತಿಳಿದಿತ್ತು. ಮೊದಲ ಗಿರಾಕಿ ಅತ್ತೆಯೇ. ಮೊಮ್ಮಗಳನ್ನು ನೋಡಲು ಭಾನುವಾರ ಗಂಡಿನ ಕಡೆಯವರು ಬರುತ್ತಾರೆ, ಕೂಡಿಬರುವ ತನಕ ಒಂದು ನರಪಿಳ್ಳೆಗೂ ಗೊತ್ತಾಗಬಾರದು. "ಓದಿದ್ಯಲ್ಲಪ್ಪ, ಯಾನಾರ ಮಾಡು." ಹಾಗೆ ಕೇಳಿದ ಮೇಲೆ ಕೈಕಟ್ಟಿ ಕೂರಲಾದೀತೇ? ಯಾರಿಗೆ ಎಷ್ಟು ಹೇಳಬೇಕೆಂದು ಪಟ್ಟಿ ಮಾಡಿದೆ. ಕಾರನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸುವಂತೆ ಫೋನು ಮಾಡಿಸಿದೆ. ಕೇಸರಿಬಾತಿನ ರವೆ, ತುಪ್ಪವನ್ನು ಬೇರೆ ಬೇರೆ ಅಂಗಡಿಯಲ್ಲಿ ತರಿಸಿದೆ. ಶನಿವಾರ ಸಂಜೆ ಏನೂ ಅರಿಯದವನಂತೆ ಮಾರುಕಟ್ಟೆಯ ಹೂವಿನಮ್ಮನ ಮುಂದೆ ನಿಂತು, ದೇವರಿಗೆ ಎರಡು ಮೊಳ ಕೊಡಿ ಎಂದೆ.

ಆಕೆ ನೂಲು ಸುತ್ತುತ್ತ ಕೇಳಿದಳು: "ಎರಡು ಮೊಳ ಎಲ್ಲಿ ಸಾಕಾದ್ದು ಸಾರ್? ಗಂಡಿನ ಕಡೆಯೋರು ಏಳು ಜನ ಬತ್ತಾವ್ರಲ್ಲ."

ನನ್ನ ಪಟ್ಟಿಯಲ್ಲಿ ಐದೇ ಜನ ಇದ್ದರು. ಅತ್ತೆಗೆ ಫೋನು ಮಾಡಿ, ಕೇಸರಿಬಾತಿಗೆ ಇನ್ನೊಂದು ಪಾವು ರವೆ ಹೆಚ್ಚಿಗೆ ಹಾಕಲು ಹೇಳಿದೆ.